ಪಾರ್ಕಿನಿಂದ ಬಂದ ಗಿಡ, ಕಾಡು ನೋಡಿಕೊಂಡ ಜನ

ಭಾನುವಾರ ಊರಿನ ಪಾರ್ಕು ಗುಡಿಸೋಣ ಬನ್ನಿ ಅಂತ ಯಾರಾದರೂ ಕರೆದರೆ ನಾವು ನಾಲ್ಕು ಸಲ ಯೋಚಿಸುತ್ತೇವೆ. (ನಾನೂ ಅಷ್ಟೇ, ಸುಳ್ಳೇಕೆ?) ಆದರೆ ಕೂಲಿಯಿಲ್ಲದೆ, ಯಾರೂ ಕರೆಯದೆ ತಲೆತಲಾಂತರದಿಂದ ಒಂದಿಡೀ ಕಾಡನ್ನು ನೋಡಿಕೊಂಡ ಜನ ಕೊಳ್ಳೇಗಾಲದ ಪಕ್ಕದಲ್ಲೇ ಇದ್ದಾರೆ... ಯಳಂದೂರು ದಾಟಿ ಬೆಟ್ಟ ಹತ್ತಿದರೆ ಸಿಗುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರು.

ಅವರು ಮಾಡುತ್ತಿದ್ದ ಮುಖ್ಯ ಕೆಲಸ ಕೇಳಿದರೆ ನಿಮಗೆ ಗಾಬರಿಯಾಗಬಹುದು. ಬೆಂಕಿ ಹಾಕುವುದು! ಬೇಸಿಗೆ ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ತೇವ ಇರುವಾಗ ಒಣಗಿದ ಎಲೆಗೆ ಕಿಡಿ ತಾಗಿಸುತ್ತಿದ್ದರು. ಇದಕ್ಕೆ ತರಗು ಬೆಂಕಿ ಎಂದು ಹೆಸರು. ಅದು ಮರ ಏರುವುದಿಲ್ಲ, ನೆಲದ ಮೇಲೆ ಹರಿದು ಆರುತ್ತದೆ. ತರಗು ಕರಗಿ ಹುಲ್ಲು ಚಿಗುರುತ್ತಿತ್ತು. ನೆಲ್ಲಿ ಮರಕ್ಕೆ ಅಂಟಿ ರಸ ಹೀರುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಸೋಲಿಗರು. ಬೇಸಿಗೆ ನಡುವಿನ ಕಾಡ್ಗಿಚ್ಚೇ ಬೇರೆ, ಇದೇ ಬೇರೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರ ಕಾಡುಬೇಸಾಯ ನಿಂತಿತು, ಬೇಟೆ ನಿಂತಿತು, ಜೊತೆಗೆ ತರಗು ಬೆಂಕಿಯೂ ನಿಂತಿತು. ಕಾಡಿಗೆ ಬೆಂಕಿಯಿಡುವವನು ಕಳ್ಳನೋ ಕಾವಲುಗಾರನೋ ಎಂದು ಕಾನೂನು ಕೇಳುವುದಿಲ್ಲವಲ್ಲ.

ಇಲ್ಲಿಂದ ಕತೆಗೆ ಲಂಟಾನ ಬರುತ್ತದೆ. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಚಂದಕ್ಕೆಂದು ಭಾರತಕ್ಕೆ ತಂದರು. ತೋಟದಲ್ಲಿ, ಪಾರ್ಕಿನಲ್ಲಿ ಇರಬೇಕಾಗಿದ್ದ ಗಿಡ! ಬೆಟ್ಟದಲ್ಲಿ ಅದು ಮೊದಲೂ ಅಲ್ಲಲ್ಲಿ ಇತ್ತು. ಸಂಶೋಧಕರು 1997ರಲ್ಲಿ ಕಾಡಿನುದ್ದಕ್ಕೂ ಗುರುತು ಹಾಕಿ ನೋಡಿದಾಗ ನೂರಕ್ಕೆ ಸುಮಾರು 41 ಜಾಗಗಳಲ್ಲಿ ಲಂಟಾನ ಸಿಕ್ಕಿತು. 2008ರಲ್ಲಿ ಅದು 81 ಆಗಿತ್ತು. ಬೆಂಕಿ ನಿಂತದ್ದೇ ಕಾರಣ ಎಂದು ಸೋಲಿಗರ ಹಿರಿಯರು ಹೇಳುತ್ತಾರೆ. ಅದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೂ ದಿನಾ ಕಾಡು ಸುತ್ತುವವರ ಮಾತನ್ನು ಮೊದಲೇ ಕೇಳಬೇಕಿತ್ತು ಅನ್ನಿಸುತ್ತದೆ.

2011ರ ಜನವರಿಯಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವ ಹಕ್ಕಿನ ಜೊತೆಗೆ ಆ ಕಾಯ್ದೆಯಲ್ಲಿ ಇನ್ನೊಂದಿದೆ: ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕು. ಪುಕ್ಕಟೆ ಮಾಡುತ್ತಿದ್ದ ಕೆಲಸವನ್ನೇ ಹೋರಾಡಿ, ಅರ್ಜಿ ಹಾಕಿ ಪಡೆದುಕೊಂಡಂತಾಯಿತು. ತರಗು ಬೆಂಕಿ ಮಾತ್ರ ಆಮೇಲೂ ಅಪರಾಧವಾಗಿಯೇ ಉಳಿಯಿತು.

ಇತ್ತ ಹನೂರು ಕಡೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನ ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ ಮೇಜು ಹೆಣೆಯುವುದನ್ನು ಕಲಿತರು. ಬಿದಿರಿಗೆ ಬದಲು ಲಂಟಾನ. ಗಟ್ಟಿಯಾಗಿರುತ್ತವೆ, ಗೆದ್ದಲೂ ಅಷ್ಟಾಗಿ ಹತ್ತುವುದಿಲ್ಲ.