ಕೆರೆಗೋಡಿನಲ್ಲಿ ಮಲಗಿದ ತಾವರೆ



ಬೇಸಗೆಯಲ್ಲಿ ಕೆರೆ ಬತ್ತಿದೊಡನೆ ಗೋಡು ತೆಗೆದು ಹೊಲಕ್ಕೆ ಹೊಡೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಕೆರೆ ಕಟ್ಟಿಸಿ ಕಾಪಾಡಿದವರಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಟ್ಟ ಸಂಗತಿ ನಾಡಿನ ಶಾಸನಗಳಲ್ಲೇ ಇದೆ. ಆ ಗೋಡಿನಲ್ಲಿ ಗೊಬ್ಬರದ ಸತ್ತ್ವ ಮಾತ್ರವಲ್ಲ, ತಾವರೆಯ ಬೀಜವೂ ಇರಬಹುದು.

ಬತ್ತಿದ ಕೆರೆಯ ಬೀಜಕ್ಕೆ ಜೀವ ಎಲ್ಲಿಂದ ಬಂತು ಅಂತೀರಾ? ಕೇಳಿ. ಜಪಾನಿನ ಚೀಬಾ ಎಂಬಲ್ಲಿ 1951ರಲ್ಲಿ ಇಚಿರೊ ಓಗಾ ಎಂಬ ಸಸ್ಯಶಾಸ್ತ್ರಜ್ಞರು ನೆಲ ಅಗೆಸಿದಾಗ ಮೂರು ತಾವರೆ ಬೀಜ ಸಿಕ್ಕವು. ಅವು ಸುಮಾರು 2,000 ವರ್ಷ ಹಳೆಯವೆಂದು ಅಂದಾಜು. ಅವುಗಳಲ್ಲಿ ಒಂದು ಮೊಳೆತು, 1952ರ ಜುಲೈಯಲ್ಲಿ ಹೂಬಿಟ್ಟಿತು! ಚೀನಾದಲ್ಲಿಯೂ ಒಂದು ಬತ್ತಿದ ಕೆರೆಯಲ್ಲಿ ಸಿಕ್ಕ ಸುಮಾರು 1,300 ವರ್ಷದ ಬೀಜ ಮೊಳೆತದ್ದುಂಟು. ಸಿಪ್ಪೆ ಅಷ್ಟು ಗಟ್ಟಿ. ನೀರು ಗಾಳಿ ಒಳಹೋಗದು.

ಆದ್ದರಿಂದ ಕೆರೆ ಬತ್ತಿತೆಂದು ತಾವರೆ ಸತ್ತಿತು ಅನ್ನಬೇಡಿ. ಕೆರೆಯನ್ನೇ ಮುಚ್ಚಿ ಮನೆ ಕಟ್ಟಿದರೆ ಮಾತ್ರ ಅದಕ್ಕೆ ಮತ್ತೆ ಏಳುವ ದಾರಿಯಿಲ್ಲ.

ಗೋಡು ಹೊಡೆಯುವಾಗ ಗುಂಡನೆಯ ಕರಿ ಬೀಜ ಕಂಡರೆ ಎತ್ತಿಡಿ. ತಿರುಳಿಗೆ ಪೆಟ್ಟಾಗದಂತೆ ಒಂದು ತುದಿಯನ್ನು ಒರಟು ಕಲ್ಲಿಗೆ ಉಜ್ಜಿ, ನೀರಿಗೆ ಹಾಕಿ. ದಿನವೂ ನೀರು ಬದಲಿಸಿ. ಮೊಳೆತ ಮೇಲೆ ಜೇಡಿಮಣ್ಣು ತುಂಬಿದ ತೊಟ್ಟಿಯಲ್ಲಿ ನೆಟ್ಟು, ಮೇಲೆ ನೀರು ನಿಲ್ಲಿಸಿ, ಬಿಸಿಲಿಗಿಡಿ. ಸೊಳ್ಳೆ ಆಗದಂತೆ ಸಣ್ಣ ಮೀನು ಬಿಡಿ. ಗೆಡ್ಡೆ ಊರಿತೆಂದರೆ ವರ್ಷ ವರ್ಷವೂ ಚಿಗುರುತ್ತದೆ.

ಹಿರಿಯರು ಕೆರೆ ಉಳಿಸಿದರು. ಬೀಜ ತಾನೇ ಉಳಿಯಿತು. ಇನ್ನು ಮುಂದಿನದು ನಮ್ಮ ಕೈಲಿದೆ.