ತೀರ್ಪಿಗೆ ಮುನ್ನ ಸಂಧಾನ

ವರ್ತಕರ ವ್ಯಾಜ್ಯವನ್ನು ಮೊದಲು ಸಂಧಾನದಿಂದ ಬಗೆಹರಿಸಲೆಳಸಿ, ಅದು ಫಲಿಸದಾಗ ಮಾತ್ರ ಪಂಚರ ತೀರ್ಪಿಗೆ ಒಪ್ಪಿಸುವ ಕ್ರಮವನ್ನು ನೂತನವೆಂದು ಬಗೆಯುವವರು, ಧಾರವಾಡ ಸೀಮೆಯನ್ನೂ ಒಳಗೊಂಡಿದ್ದ ಪೇಶ್ವೆಯ ರಾಜ್ಯವನ್ನು ಕುರಿತು ಬ್ರಿಟಿಷ್ ಅಧಿಕಾರಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯನ್ನು ಅವಲೋಕಿಸಬೇಕು. ಸಾಲದ ದೂರು ಬಂದೊಡನೆ ಪಟೇಲನು ಪ್ರತಿವಾದಿಯನ್ನು ಕರೆಸಿ, ಅವನು ಒಪ್ಪಿಕೊಂಡಲ್ಲಿ ಹಿತೋಕ್ತಿಯಿಂದಲೂ ತುಸು ಅಧಿಕಾರದಿಂದಲೂ ತೀರುವಳಿಯ ಅವಧಿಯನ್ನು ಗೊತ್ತುಮಾಡಿ, ಅಲ್ಲಗಳೆದಲ್ಲಿ ತನ್ನ ಬಂಧುಮಿತ್ರರೊಡಗೂಡಿ ಉಭಯರನ್ನೂ ಸಮಾಧಾನಪಡಿಸಲು ಯತ್ನಿಸಿ, ಅದೂ ನಿಷ್ಫಲವಾದ ಮೇಲೆಯೇ ಪಂಚಾಯ್ತಿಯನ್ನು ಸೇರಿಸುತ್ತಿದ್ದನೆಂದು ಅಲ್ಲಿ ಹೇಳಿದೆ. ಲೆಕ್ಕಪತ್ರದ ತಕರಾರಾದರೆ ಸಾಹುಕಾರರೇ ಪಂಚರಾಗುವುದು ವಾಡಿಕೆಯಾಗಿತ್ತು. ವಿಷಯವನ್ನು ಅರಿತವನೇ ಅದನ್ನು ತೂಗಬಲ್ಲನಷ್ಟೆ!

ಸಮವೃತ್ತಿಯವರೇ ವ್ಯಾಜ್ಯವನ್ನು ತೂಗುವ ಈ ಪದ್ಧತಿಯ ಬೇರು ಇನ್ನೂ ಆಳವಾದುದು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯನ ವಚನವನ್ನು ವಿವರಿಸುತ್ತ, ಕುಲ (ಬಂಧುವರ್ಗ), ಶ್ರೇಣಿ (ಒಂದೇ ಕಸುಬಿನವರ ಕೂಟ), ಪೂಗ (ಒಂದೇ ಊರಿನವರ ಕೂಟ), ರಾಜನಿಯುಕ್ತರು ಎಂಬ ನ್ಯಾಯಸ್ಥಾನಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ, ಕೆಳಗಿನ ನಿರ್ಣಯದಿಂದ ತೃಪ್ತನಾಗದವನು ಮೇಲಿನದಕ್ಕೆ ಹೋಗಬಹುದೆಂದನು. ಶ್ರೇಣಿಗೆ ಅವನು ಕೊಟ್ಟ ನಿದರ್ಶನಗಳು ಕುದುರೆ ವ್ಯಾಪಾರಿಗಳು, ತಾಂಬೂಲ ಮಾರುವವರು, ನೇಕಾರರು, ಚಮ್ಮಾರರು. ಶಾಸ್ತ್ರಕಾರನ ಲೇಖನಿಯಲ್ಲಿ ಸಂತೆಯೇ ನಡೆದುಬಂದಂತಿದೆ. ಐನೂರ್ವರೆಂಬ ವರ್ತಕಸಂಘದ ಶಾಸನಗಳು ನಾಡಿನುದ್ದಕ್ಕೂ ನಿಂತದ್ದೂ ಆ ಕಾಲದ ಆಸುಪಾಸಿನ ಶತಮಾನಗಳಲ್ಲಿಯೇ. ನಾಳೆಯೂ ಪರಸ್ಪರ ಕೊಡುಕೊಳೆ ಮಾಡಬೇಕಾದ ಜನರು ಮುಖಭಂಗದ ತೀರ್ಪಿಗಿಂತ ರಾಜಿಯನ್ನು ಬಯಸಿದ್ದರೆಂದು ಊಹಿಸುವುದು ಅಸಂಗತವಾಗದು.

ಬ್ರಿಟಿಷರ 1899ರ ಹಾಗೂ 1940ರ ಅಧಿನಿಯಮಗಳು ಪಂಚತೀರ್ಪಿಗೆ ಕಟ್ಟುನಿಟ್ಟಾದ ಶಾಸನರೂಪವನ್ನಿತ್ತವು; ಅವುಗಳ ಕಥೆ ವಕೀಲರಿಗೇ ಇರಲಿ. ನಮ್ಮ ವಿಷಯಕ್ಕೆ ಮುಖ್ಯವಾದುದು 1996ರ ಪಂಚತೀರ್ಪು ಹಾಗೂ ರಾಜಿ ಅಧಿನಿಯಮದ 30ನೆಯ ಕಲಮು: ಪಂಚಾಯ್ತಿದಾರರು ಕಕ್ಷಿಗಾರರ ಸಮ್ಮತಿ ಪಡೆದು, ವಿಚಾರಣೆಯ ಯಾವ ಹಂತದಲ್ಲಾದರೂ ಸಂಧಾನವನ್ನು ಬಳಸಬಹುದೆಂದೂ, ಹಾಗೆ ಕುದುರಿದ ಒಡಂಬಡಿಕೆಯನ್ನು ಕಕ್ಷಿಗಾರರು ಕೋರಿ ಪಂಚರು ಒಪ್ಪಿದರೆ ತೀರ್ಪಾಗಿ ದಾಖಲಿಸಬಹುದೆಂದೂ, ಅದಕ್ಕೆ ಇತರ ತೀರ್ಪುಗಳಷ್ಟೇ ಬಲವುಂಟೆಂದೂ ಅದು ವಿಧಿಸುತ್ತದೆ.

ಇಲ್ಲಿಯೇ ಒಂದು ತೊಡಕು. ಸಂಧಾನದ ಏಕಾಂತದಲ್ಲಿ ವರ್ತಕನು ತಾನು ಎಷ್ಟಕ್ಕೆ ಇಳಿದಾನೆಂಬುದನ್ನು ಒಮ್ಮೆ ಬಾಯಿಬಿಟ್ಟ ಮೇಲೆ, ಅದನ್ನು ಕೇಳಿದವನೇ ನ್ಯಾಯಪೀಠದಲ್ಲಿ ಕುಳಿತರೆ, ಆ ಮಾತನ್ನು ಮರೆಯುವನೆಂಬುದು ಮನುಷ್ಯಸ್ವಭಾವಕ್ಕೆ ಮೀರಿದ ನಿರೀಕ್ಷೆ. ಆದುದರಿಂದಲೇ ಅದೇ ಅಧಿನಿಯಮದ ರಾಜಿಯ ಭಾಗವು, ಕಕ್ಷಿಗಾರರು ಬೇರೆಯಾಗಿ ಒಪ್ಪದ ಹೊರತು, ರಾಜಿ ಮಾಡಿಸಿದವನು ಆ ವ್ಯಾಜ್ಯಕ್ಕೆ ಪಂಚನಾಗಕೂಡದೆಂದಿತ್ತು. ಪಟೇಲನು ಸಂಧಾನದಲ್ಲಿ ಸೋತಾಗ ತೀರ್ಪಿನ ಭಾರವನ್ನು ಪಂಚಾಯ್ತಿಗೆ ಬಿಟ್ಟುಕೊಟ್ಟ ಹಳೆಯ ಪದ್ಧತಿಯೇ ನನಗೆ ಹೆಚ್ಚು ವಿವೇಕದ್ದೆಂದು ತೋರುತ್ತದೆ.