ಗಣಿಯ ವಿದ್ಯುತ್ತು ಮತ್ತು ಮನೆಯ ದೀಪ: ಕೋಲಾರ ಚಿನ್ನದ ಗಣಿ ಪ್ರದೇಶವನ್ನು ಕುರಿತ ಒಂದು ವಿವೇಚನೆ

ಮೈಸೂರು ಸಂಸ್ಥಾನದಲ್ಲಿ ವಿದ್ಯುಚ್ಛಕ್ತಿಯ ಚರಿತ್ರೆಯು 1902ನೆಯ ಇಸವಿ ಜೂನ್ 30ರಂದು, ಶಿವನಸಮುದ್ರದ ಶಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಂದು ಆರಂಭವಾಯಿತೆಂಬುದು ಸರ್ವವಿದಿತ. ಸುಮಾರು 92 ಮೈಲಿಗಳ ಆ ತಂತಿಮಾರ್ಗವು ಅಂದಿನ ಲೋಕದ ಅತಿ ದೀರ್ಘ ಮಾರ್ಗಗಳಲ್ಲಿ ಒಂದಾಗಿತ್ತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನೂ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರ ಕೌಶಲವನ್ನೂ ವಿದ್ವಾಂಸರು ಯುಕ್ತವಾಗಿಯೇ ಕೊಂಡಾಡಿರುವರು. ಆದರೆ ಆ ಶಕ್ತಿಯು ಮನೆಯ ದೀಪಕ್ಕೆ ಯಾವ ಲೆಕ್ಕದಿಂದ ಬಂದಿತು, ಮಿತವ್ಯಯದ ಫಲವು ಯಾರಿಗೆ ಸಂದಿತು ಎಂಬ ಪ್ರಶ್ನೆಯೂ ವಿಚಾರಾರ್ಹವಾದುದು.

ಗಣಿಗೆ ಮೊದಲು ವಿದ್ಯುತ್ತು ಬಂದುದಕ್ಕೆ ಕಾರಣ ಸ್ಪಷ್ಟ. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಗಣಿಗಳು ಉಗಿಯಂತ್ರಗಳನ್ನು ಅವಲಂಬಿಸಿದ್ದುವು. ಕಲ್ಲಿದ್ದಲಾದರೋ ಬಹುದೂರದಿಂದ ಬರಬೇಕಾಗಿತ್ತು. ಹಿಂದೆ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ಶಾಖಾ ರೈಲುಮಾರ್ಗ ತೆರೆದರೂ ಇಂಧನದ ಭಾರ ಇಳಿಯಲಿಲ್ಲ. ದೊಡ್ಡ ಗಿರಾಕಿಯೊಬ್ಬನು ದೊರೆತುದರಿಂದಲೇ ಸಂಸ್ಥಾನವು ಅಷ್ಟು ಬಂಡವಾಳ ಹೂಡಲು ಸಾಧ್ಯವಾಯಿತು. ಬೆಂಗಳೂರಿಗೆ ವಿದ್ಯುದ್ದೀಪವು 1905ರಲ್ಲಿಯೂ ಮೈಸೂರಿಗೆ 1908ರಲ್ಲಿಯೂ ಬಂದಿತು. ಅಧಿಕ ಒತ್ತಡದ ತಂತಿಯಿಂದ ನೇರವಾಗಿ ಮನೆಯ ದೀಪ ಉರಿಯದು. ಪರಿವರ್ತಕಗಳೂ ಬೀದಿಬೀದಿಯ ತಂತಿಜಾಲವೂ ಬೇಕು. ಆದುದರಿಂದ ತಂತಿಯು ತಲೆಯ ಮೇಲೆ ಹಾದುಹೋದ ಮಾತ್ರಕ್ಕೆ ಹಳ್ಳಿಯ ಸೀಮೆಎಣ್ಣೆಯ ಬುಡ್ಡಿ ಆರಲಿಲ್ಲ.

ಗಣಿಯು ಶಕ್ತಿಯನ್ನು ಅಶ್ವಶಕ್ತಿಯ ವಾರ್ಷಿಕ ದರದಲ್ಲಿ ಸಗಟಾಗಿ ಕೊಂಡಿತು. ಮನೆಯು ಮೀಟರಿನ ಯೂನಿಟ್ಟಿನಲ್ಲಿ ಚಿಲ್ಲರೆಯಾಗಿ ಕೊಳ್ಳುತ್ತದೆ. ದೀಪದ ಗುಣವು ಮನೆಯ ಖರ್ಚನ್ನು ನಿರ್ಣಯಿಸುವುದು ಈ ಎರಡನೆಯ ಪದ್ಧತಿಯಲ್ಲಿ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ ತಗಲುವುದು. ಸರಿಸುಮಾರು ಅಷ್ಟೇ ಬೆಳಕನ್ನೀವ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 1.35 ಯೂನಿಟ್ ಸಾಕು. ಹಳೆಯ ಬಲ್ಬಿನಲ್ಲಿ ಶಕ್ತಿಯ ಬಹುಭಾಗ ಶಾಖವಾಗಿ ವ್ಯರ್ಥವಾಗುವುದೇ ಇದಕ್ಕೆ ಕಾರಣ. ನಾಲ್ಕು ದೀಪಗಳ ಮನೆಯಲ್ಲಿ 36 ಯೂನಿಟ್ಟಿನ ಖರ್ಚು 5.4ಕ್ಕೆ ಇಳಿಯುವುದು.

2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಈ ಉಳಿತಾಯವು ಇಲ್ಲಿ ಅನುಕೂಲದ ಮಾತಾಗಿ ಉಳಿಯಲಿಲ್ಲ, ಜೀವನದ ಮಾತಾಯಿತು. ಗಣಿಯ ಸಂಬಳ ನಿಂತಿತು. ನಸುಕಿನಲ್ಲೇ ರೈಲು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಹೋಗುವವರ ಸಂಖ್ಯೆ ಬೆಳೆಯಿತು. 2015ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆಯು ಎಲ್‌ಇಡಿ ಬಲ್ಬುಗಳನ್ನು ಅಗ್ಗದ ಬೆಲೆಗೆ ಒದಗಿಸಿತು.

ಇಲ್ಲಿಯೇ ಒಂದು ವೈಚಿತ್ರ್ಯವುಂಟು. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ‘ಗೃಹಜ್ಯೋತಿ’ಯು, 2022-23ರ ಸರಾಸರಿ ಬಳಕೆಗೆ ಶೇ. 10ನ್ನು ಕೂಡಿಸಿ, 200 ಯೂನಿಟ್ಟಿನ ಮಿತಿಯೊಳಗೆ, ಪ್ರತಿ ಮನೆಗೂ ಉಚಿತ ಪ್ರಮಾಣವನ್ನು ಗೊತ್ತುಮಾಡಿತು. ಮೊದಲೇ ದೀಪ ಬದಲಿಸಿದ್ದ ಮೇಲಿನ ಮನೆಗೆ ಉಚಿತ ಪ್ರಮಾಣವು ಸುಮಾರು 34 ಯೂನಿಟ್ ಕಡಿಮೆಯಾಗಿ ನಿಂತಿತು. ಬದಲಿಸದ ಮನೆಗೆ ಹೆಚ್ಚು ದೊರೆಯಿತು. ಅಂದರೆ ಹಿಂದಿನ ಮಿತವ್ಯಯವೇ ಮುಂದಿನ ಹಕ್ಕನ್ನು ಕುಗ್ಗಿಸಿತು. 2024ರ ಜನವರಿಯಲ್ಲಿ ಸರ್ಕಾರವು ಕಡಿಮೆ ಬಳಸುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ನೀಡಲು ನಿರ್ಧರಿಸಿದುದು ಈ ಕೊರತೆಯನ್ನು ಅಂಶತಃ ನೀಗಿಸುವ ಕ್ರಮವೆನ್ನಬಹುದು. ಬಡಮನೆಗಳ ಬಿಲ್ಲು ಶೂನ್ಯವಾದುದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಲೆಕ್ಕದ ಕ್ರಮವು ಮಾತ್ರ ಪರಿಶೀಲನಾರ್ಹ.

1902ರಲ್ಲಿ ಶಕ್ತಿಯು ಹೆಚ್ಚು ಕೊಳ್ಳಬಲ್ಲವನ ಬಳಿಗೆ ಮೊದಲು ಹೋಯಿತು. 2023ರಲ್ಲಿ ಉಚಿತ ಶಕ್ತಿಯು ಹೆಚ್ಚು ಬಳಸಿದ್ದವನಿಗೆ ಹೆಚ್ಚಾಗಿ ಸಂದಿತು. ಎರಡು ಸಂದರ್ಭಗಳ ಉದ್ದೇಶಗಳು ಭಿನ್ನವಾದರೂ ಅಳತೆಗೋಲು ಒಂದೇ: ಬಳಕೆಯ ಪ್ರಮಾಣ. ಮನೆಗೆ ಅವಶ್ಯವಾದ ಬೆಳಕೆಷ್ಟು ಎಂಬುದನ್ನೇ ಅಳತೆಯಾಗಿ ಹಿಡಿದಲ್ಲದೆ ಮಿತವ್ಯಯಿಗೆ ನ್ಯಾಯ ದೊರೆಯುವುದು ಕಷ್ಟವೆಂದು ತೋರುತ್ತದೆ.